ಪ್ರಾಸ್ಟೇಟ್ ಗ್ರಂಥಿಯೊಳಗಿನ ಹಾರ್ಮೋನು ಕೋಶಗಳು : ನಮ್ಮ ಹಿರಿಯ ಬೆಳೆಗಾರರು ತಿಳಿದಿರಬೇಕಾದ ಸಂಗತಿ



ಕೊಳೆರೋಗ, ಬೋರ್ಡೊ ದ್ರಾವಣ, ಕಾಫಿಯ ಕಾಂಡಕೊರಕ, ಪೇಟೆಯ ಧಾರಣೆ ಇವುಗಳ ಬಗೆಗೆ ಈ ಪತ್ರಿಕೆಯಲ್ಲಿ ನಾವು ಬರೆದಷ್ಟು ಬೆಳೆಗಾರನ ಮೈಯ ಬಗೆಗೆ ಬರೆದಿಲ್ಲ. ಅದರಲ್ಲೂ ಸೊಂಟದ ಕೆಳಗಿನ ರೋಗಗಳ ಮಾತು ಬಂದರೆ ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಗಂಡಸರು ಬಾಯಿ ಬಿಡುವುದು ಕಡಿಮೆ. ರಾತ್ರಿ ನಾಲ್ಕು ಸಲ ಏಳುತ್ತೇವೆಂದು ಹೆಂಡತಿಗೆ ಗೊತ್ತಿರುತ್ತದೆಯೇ ಹೊರತು ವೈದ್ಯರಿಗೆ ಗೊತ್ತಿರುವುದಿಲ್ಲ. ಈ ಸಲ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ನಮ್ಮ ಸದಸ್ಯರೊಬ್ಬರು. ತಮ್ಮ ಹೆಸರು ಹಾಕದೆ, ನಡೆದದ್ದನ್ನು ಬರೆಯಬಹುದೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅವರು ಹಾನಗಲ್ ಕಡೆಯವರು, ವಯಸ್ಸು ಎಪ್ಪತ್ತರ ಹತ್ತಿರ. ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಮೆಣಸು, ಒಂದಿಷ್ಟು ಕಾಫಿ ಹಚ್ಚಿದ್ದಾರೆ. ಮೂರು ವರ್ಷಗಳ ಹಿಂದೆ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಅದು ಆಗಲೇ ಎಲುಬಿಗೆ ಇಳಿದಿತ್ತು. ವೃಷಣಗಳನ್ನು ತೆಗೆಯುವ ಶಸ್ತ್ರಕ್ರಿಯೆ ಆಯಿತು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿ ನೂರರ ಮೇಲಿದ್ದದ್ದು ಒಂದಕ್ಕಿಂತ ಕೆಳಗೆ ಬಂತು. ಮನೆಯವರೆಲ್ಲ ನಿಶ್ಚಿಂತರಾದರು. ಬೆಂಗಳೂರಿನಲ್ಲಿರುವ ಮಗ ಪ್ರತಿ ಮೂರು ತಿಂಗಳಿಗೊಮ್ಮೆ ಫೋನು ಮಾಡಿ ನಂಬರು ಎಷ್ಟೆಂದು ಕೇಳುವುದು, ಇವರು ಕಡಿಮೆಯೇ ಇದೆಯೆಂದು ಹೇಳುವುದು, ಇಷ್ಟೇ ಚಿಕಿತ್ಸೆ ಎಂಬಂತಾಯಿತು.

ಕಳೆದ ಮಳೆಗಾಲದಲ್ಲಿ ಬೆನ್ನುನೋವು ಹತ್ತಿತು. ಊಟ ಸೇರದಾಯಿತು. ಅಂಗಿ ಸಡಿಲವಾಯಿತು. ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತ ಐದು ತಿಂಗಳು ಕಳೆದರು. ರಕ್ತದ ನಂಬರು ಆಗಲೂ ಒಂದರ ಕೆಳಗೇ ಇತ್ತು. ನಂಬರು ಸರಿಯಿದೆ, ಆದ್ದರಿಂದ ಇದು ತೋಟದ ಕೆಲಸದ ನೋವು ಎಂಬುದು ಎಲ್ಲರ ತೀರ್ಮಾನ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಹುಬ್ಬಳ್ಳಿಗೆ ಹೋದಾಗ ಅವರು ವೈದ್ಯರಿಗೆ ಕೇಳಿದ ಪ್ರಶ್ನೆಯನ್ನೇ ನಮ್ಮ ಸಭೆಯಲ್ಲೂ ಹೇಳಿದರು: “ಡಾಕ್ಟರ್ ಸಾಹೇಬ್ರ, ನಂಬರ್ ಒಂದಕ್ಕಿಂತ ಕಡಿಮಿ ಐತಿ ಅಂತೀರಿ. ಹಂಗಾದ್ರ ಈ ಬ್ಯಾನಿ ಯಾಕ ಕಡಿಮಿ ಆಗವಲ್ದು?” ಅದಕ್ಕೆ ವೈದ್ಯರು, “ಯಜಮಾನ್ರ, ಈ ನಂಬರ್ ಕೊಡೋ ಕೋಶ ಬ್ಯಾರೆ, ಈಗ ಬೆಳೆಯಾಕ ಹತ್ತಿರೋ ಕೋಶ ಬ್ಯಾರೆ ಇರಬಹುದು. ಸೂಜಿ ಹಾಕಿ ಒಂದು ತುಣುಕು ತಗದು ನೋಡೋಣ” ಎಂದರಂತೆ.

ಆ “ಬೇರೆ ಕೋಶ” ಯಾವುದು ಎಂಬುದೇ ಈ ಲೇಖನದ ವಿಷಯ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಪ್ರಾಯದಲ್ಲಿ ಇದರ ತೂಕ ಸುಮಾರು ೨೦ ಗ್ರಾಂ. ಗಾತ್ರ ಹೆಚ್ಚುಕಡಿಮೆ ಸಿಪ್ಪೆ ಸಮೇತವಾದ ಒಂದು ಹಣ್ಣಡಿಕೆಯಷ್ಟು. ವೀರ್ಯದಲ್ಲಿ ಬೆರೆಯುವ ದ್ರವವನ್ನು ತಯಾರಿಸುವುದು ಇದರ ಕೆಲಸ. ವಯಸ್ಸಾದಂತೆ ಇದು ಬಹಳ ಜನರಲ್ಲಿ ದಪ್ಪನಾಗುತ್ತದೆ. ನಡುವೆ ಹಾದುಹೋಗುವ ಮೂತ್ರನಾಳವನ್ನು ಒತ್ತುತ್ತದೆ. ಹರಿವು ಸಣ್ಣದಾಗುವುದು, ನಿಂತು ನಿಂತು ಬರುವುದು, ರಾತ್ರಿ ಪದೇ ಪದೇ ಏಳುವುದು ಇದರಿಂದಲೇ. ಈ ದಪ್ಪವಾಗುವಿಕೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಇದನ್ನು ಓದಿ ಯಾರೂ ರಾತ್ರಿಯ ನಿದ್ದೆ ಇನ್ನಷ್ಟು ಕೆಡಿಸಿಕೊಳ್ಳಬಾರದು.

ಗ್ರಂಥಿಯ ಒಳಗಿನ ನಾಳಗಳ ಗೋಡೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಜೀವಕೋಶಗಳಿವೆ. ಮೊದಲನೆಯವು ದ್ರವವನ್ನು ಸ್ರವಿಸುವ ಕೋಶಗಳು. ಇವು ದುಡಿಯುವ ಆಳುಗಳು. ಪಿ.ಎಸ್.ಎ. ಎಂಬ ಪದಾರ್ಥವನ್ನು ತಯಾರಿಸುವುದೂ ಇವೇ. ವೀರ್ಯವನ್ನು ತೆಳುವಾಗಿಸುವುದು ಅದರ ಉಪಯೋಗ. ಸ್ವಲ್ಪ ಭಾಗ ರಕ್ತಕ್ಕೂ ಸೋರುವುದರಿಂದ ಅದನ್ನು ಅಳೆದು ಗ್ರಂಥಿಯ ಸ್ಥಿತಿಯನ್ನು ಊಹಿಸುತ್ತಾರೆ. ಎರಡನೆಯವು ತಳಪಾಯದ ಕೋಶಗಳು. ಅವುಗಳ ವಿಷಯ ಇಲ್ಲಿ ಬೇಡ. ಮೂರನೆಯವು ಎಣಿಕೆಯಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇವುಗಳಿಗೆ ನ್ಯೂರೋ ಎಂಡೋಕ್ರೈನ್ ಕೋಶಗಳೆಂದು ಹೆಸರು. ಅಂದರೆ ನರದ ಗುಣವೂ ಹಾರ್ಮೋನು ಗ್ರಂಥಿಯ ಗುಣವೂ ಕೂಡಿದ ಕೋಶಗಳು. ಇನ್ನು ಮುಂದೆ ಹಾರ್ಮೋನು ಕೋಶಗಳು ಎಂದೇ ಕರೆಯೋಣ.

ಇವುಗಳ ಸ್ಥಾನ ತಿಳಿಯಬೇಕಾದರೆ ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆಸಿಕೊಳ್ಳಬೇಕು. ಹಾನಗಲ್ಲಿನ ಆನೆಕೆರೆಯಾಗಲಿ, ಮಾಸೂರಿನ ಹತ್ತಿರದ ಮದಗದ ಕೆರೆಯಾಗಲಿ, ಅಂಥ ಕೆರೆಯ ಕೆಳಗೆ ನೂರಾರು ರೈತರಿದ್ದರೂ ನೀರುಗಂಟಿ ಒಬ್ಬನೋ ಇಬ್ಬರೋ. ಅವನು ಉಳುವುದಿಲ್ಲ, ಬಿತ್ತುವುದಿಲ್ಲ. ತೂಬು ಎತ್ತುವುದು, ಇಂದು ಯಾರ ಪಾಳಿ ಎಂದು ತಿಳಿಸುವುದು ಅವನ ಕೆಲಸ. ಹಾರ್ಮೋನು ಕೋಶಗಳೂ ಹೀಗೆಯೇ. ಇವು ಪಿ.ಎಸ್.ಎ. ತಯಾರಿಸುವುದಿಲ್ಲ. ಸಿರೊಟೋನಿನ್, ಕ್ಯಾಲ್ಸಿಟೋನಿನ್, ಸೊಮಾಟೊಸ್ಟಾಟಿನ್, ಬಾಂಬೆಸಿನ್ ಮೊದಲಾದ ಸಂದೇಶದ್ರವ್ಯಗಳನ್ನು ಸಣ್ಣ ಸಣ್ಣ ಹರಳುಗಳಂತೆ ತಮ್ಮೊಳಗೆ ಕೂಡಿಟ್ಟುಕೊಂಡು ಬೇಕಾದಾಗ ಹೊರಬಿಡುತ್ತವೆ. ಕೆಲವು ಕೋಶಗಳ ತುದಿ ನಾಳದ ಬಾಯಿಯವರೆಗೆ ತಲುಪಿರುತ್ತದೆ. ಅಲ್ಲಿ ಹರಿಯುವುದನ್ನು ಅವು ಮುಟ್ಟಿ ನೋಡಬಲ್ಲವು. ಇನ್ನು ಕೆಲವು ಬುಡದಲ್ಲೇ ಅಡಗಿದ್ದು, ಅಡಿಕೆಮರದ ಬೇರು ಬದಿಯ ಬಾಳೆಯ ಬುಡಕ್ಕೆ ಹರಿದಂತೆ, ನೆರೆಯ ಕೋಶಗಳ ನಡುವೆ ಉದ್ದನೆಯ ಕವಲುಗಳನ್ನು ಚಾಚಿರುತ್ತವೆ. ಥೈರಾಯ್ಡ್ ಗ್ರಂಥಿಯ ಹಾರ್ಮೋನಿನಂತೆ ಇವುಗಳ ಸಂದೇಶ ರಕ್ತದಲ್ಲಿ ಊರೆಲ್ಲ ಸುತ್ತಬೇಕಾಗಿಲ್ಲ. ಬಹುಮಟ್ಟಿಗೆ ಪಕ್ಕದವನಿಗೆ ಮುಟ್ಟಿದರೆ ಸಾಕು. ಗ್ರಂಥಿಯ ಬೆಳವಣಿಗೆ, ಸ್ರಾವದ ಹತೋಟಿ ಇವುಗಳಲ್ಲಿ ಇವುಗಳ ಕೈಯಿದೆಯೆಂದು ತಜ್ಞರ ಅಭಿಪ್ರಾಯ.

ಮುಖ್ಯವಾದ ಮಾತು ಇನ್ನೊಂದಿದೆ. ದುಡಿಯುವ ಕೋಶಗಳು ಗಂಡು ಹಾರ್ಮೋನಿನ, ಅಂದರೆ ಟೆಸ್ಟೋಸ್ಟೆರೋನಿನ, ಆಜ್ಞೆಯಂತೆ ನಡೆಯುತ್ತವೆ. ಅದು ಸಿಕ್ಕರೆ ಬೆಳೆಯುತ್ತವೆ, ಸಿಗದಿದ್ದರೆ ಸೊರಗುತ್ತವೆ. ಹಾರ್ಮೋನು ಕೋಶಗಳಿಗೆ ಆ ಆಜ್ಞೆಯನ್ನು ಕೇಳುವ ಕಿವಿಯೇ ಇಲ್ಲ. ಗಂಡು ಹಾರ್ಮೋನು ಬಂದರೂ ಬಾರದಿದ್ದರೂ ಅವು ತಮ್ಮ ಪಾಡಿಗೆ ತಾವಿರುತ್ತವೆ.

ಹಾರ್ಮೋನು ಎಂದರೆ ದೊಡ್ಡ ಗ್ರಂಥಿಗಳಲ್ಲೇ ಹುಟ್ಟಬೇಕೆಂದು ನಾವು ಭಾವಿಸಿರುತ್ತೇವೆ. ಆದರೆ ಶಾಸ್ತ್ರಜ್ಞರು ಮೊಟ್ಟಮೊದಲು ಕಂಡುಹಿಡಿದ ಹಾರ್ಮೋನು ಬಂದದ್ದು ಯಾವ ಗ್ರಂಥಿಯಿಂದಲೂ ಅಲ್ಲ, ಕರುಳಿನ ಗೋಡೆಯಲ್ಲಿ ಚದುರಿದ ಇಂಥ ಬಿಡಿ ಕೋಶಗಳಿಂದ. ಅದು ಸೆಕ್ರೆಟಿನ್. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಇದನ್ನು ತೋರಿಸಿಕೊಟ್ಟರು. ಹಾರ್ಮೋನು ಎಂಬ ಶಬ್ದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು ೧೯೦೫ರಲ್ಲಿ. ಮುಂದೆ ೧೯೩೮ರಲ್ಲಿ ಆಸ್ಟ್ರಿಯಾದ ಫ್ರೀಡ್ರಿಶ್ ಫೈರ್ಟರ್ ಎಂಬ ವೈದ್ಯ, ಸೂಕ್ಷ್ಮದರ್ಶಕದಲ್ಲಿ ತಿಳಿಯಾಗಿ ಕಾಣುವ ಇಂಥ ಕೋಶಗಳು ದೇಹದ ಹಲವು ಅಂಗಗಳಲ್ಲಿ ಒಂದೊಂದಾಗಿ ಹರಡಿವೆಯೆಂದೂ ಅವೆಲ್ಲ ಸೇರಿ ಒಂದು ವ್ಯವಸ್ಥೆಯೆಂದೂ ಹೇಳಿದ. ತೋಟದ ಒಂದೇ ಮಡಿಯಲ್ಲಿ ಬೆಳೆಯುವ ಬೆಳೆಯಲ್ಲ ಇದು, ಬದುವಿನ ಉದ್ದಕ್ಕೂ ಅಲ್ಲಲ್ಲಿ ಹುಟ್ಟುವ ಗಿಡದಂತೆ.

ಕಿಬ್ಬೊಟ್ಟೆಯ ಉಳಿದ ಅಂಗಗಳಲ್ಲೂ ಇವು ಇವೆ. ಗುದನಾಳದ ಒಳಪದರದಲ್ಲಿ ಸಾಕಷ್ಟಿವೆ. ನಮ್ಮ ದೇಹದ ಸಿರೊಟೋನಿನ್ನಿನ ನೂರಕ್ಕೆ ತೊಂಬತ್ತರಷ್ಟು ಕರುಳಿನ ಇಂಥ ಕೋಶಗಳದ್ದೇ. ಮೂತ್ರನಾಳದಲ್ಲಿ ಇವೆ, ಅದರಲ್ಲೂ ಪ್ರಾಸ್ಟೇಟಿನ ಒಳಗೆ ಹಾಯುವ ಭಾಗದಲ್ಲಿ ಹೆಚ್ಚು. ಮೂತ್ರಕೋಶದಲ್ಲಿ ವಿರಳ. ಹೆಂಗಸರ ಗರ್ಭಕೋಶದ ಕೊರಳಿನಲ್ಲಿಯೂ ಕೆಲವಿವೆ. ಈ ಎಲ್ಲ ಅಂಗಗಳಲ್ಲೂ, ಬಹಳ ಅಪರೂಪಕ್ಕೆ, ಈ ಜಾತಿಯ ಗಂಟುಗಳು ಹುಟ್ಟಬಹುದು. ಗುದನಾಳದ್ದು ಸಾಮಾನ್ಯವಾಗಿ ಚಿಕ್ಕದು, ನಿಧಾನಿ, ಬೇರೆ ಕಾರಣಕ್ಕೆ ಕೊಳವೆ ಹಾಕಿ ನೋಡಿದಾಗ ಸಿಗುವಂಥದು. ಮೂತ್ರಕೋಶ ಮತ್ತು ಗರ್ಭಕೋಶದ ಕೊರಳಿನದು ಅಪರೂಪವಾದರೂ ಉಗ್ರ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ಹೆಂಗಸರಿಗೆ ರಕ್ತಸ್ರಾವ, ಇವೆರಡನ್ನು ಉಷ್ಣವೆಂದು ಸಬ್ಬಕ್ಕಿ ಗಂಜಿ ಕುಡಿದು ಸುಮ್ಮನಿರುವುದು ಬೇಡ.

ವೃಷಣದಲ್ಲಿರುವ ಹಾರ್ಮೋನು ಕೋಶಗಳು ಬೇರೆ ಪಂಗಡ. ೧೮೫೦ರಲ್ಲಿ ಫ್ರಾನ್ಸ್ ಲೈಡಿಗ್ ಎಂಬ ಜರ್ಮನ್ ವಿದ್ವಾಂಸ ಅವುಗಳನ್ನು ವರ್ಣಿಸಿದ್ದರಿಂದ ಲೈಡಿಗ್ ಕೋಶಗಳೆಂದು ಹೆಸರು. ಗಂಡು ಹಾರ್ಮೋನಿನ ಬಹುಪಾಲು ತಯಾರಾಗುವುದು ಅಲ್ಲಿ. ಸ್ವಲ್ಪ ಭಾಗಕ್ಕೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಮೂಲ. ೧೯೪೧ರಲ್ಲಿ ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು ಈ ಪೂರೈಕೆಯನ್ನು ನಿಲ್ಲಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಅದಕ್ಕಾಗಿ ೧೯೬೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ತೂಬನ್ನೇ ಮುಚ್ಚಿಬಿಡುವುದು. ಒಂದೇ ಸಲದ ಶಸ್ತ್ರಕ್ರಿಯೆಯಿಂದ ಮುಚ್ಚಬಹುದು, ಇಲ್ಲವೇ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಚುಚ್ಚುಮದ್ದಿನಿಂದ. ಖರ್ಚು ಕಡಿಮೆ, ಮತ್ತೆ ಮತ್ತೆ ಓಡಾಟವಿಲ್ಲ ಎಂದು ನಮ್ಮ ಹಳ್ಳಿಗಳ ಕಡೆಯವರು ಶಸ್ತ್ರಕ್ರಿಯೆಯನ್ನು ಆರಿಸಿಕೊಳ್ಳುವುದುಂಟು. ಎರಡರ ಪರಿಣಾಮವೂ ಒಂದೇ, ಇದರಲ್ಲಿ ಅವಮಾನ ಪಡುವಂಥದು ಏನೂ ಇಲ್ಲ.

ತೂಬು ಮುಚ್ಚಿದ ಮೇಲೆ ದುಡಿಯುವ ಕೋಶಗಳು ಸೊರಗುತ್ತವೆ, ಕ್ಯಾನ್ಸರ್ ಕುಗ್ಗುತ್ತದೆ, ಪಿ.ಎಸ್.ಎ. ಇಳಿಯುತ್ತದೆ. ಹೆಚ್ಚಿನವರಿಗೆ ಇದರಿಂದ ವರ್ಷಗಟ್ಟಲೆ ಒಳ್ಳೆಯ ಆರೋಗ್ಯ ದೊರೆಯುತ್ತದೆ. ಕಾಲಾಂತರದಲ್ಲಿ ರೋಗ ಮತ್ತೆ ತಲೆ ಎತ್ತಿದಾಗಲೂ ಬಹುತೇಕ ರೋಗಿಗಳಲ್ಲಿ ಪಿ.ಎಸ್.ಎ. ಏರಿ ಮುನ್ಸೂಚನೆ ಕೊಡುತ್ತದೆ. ಆದರೆ ಒಂದು ಪಾಲು ರೋಗಿಗಳಲ್ಲಿ ಹಾಗಾಗುವುದಿಲ್ಲ. ಗಂಡು ಹಾರ್ಮೋನಿಲ್ಲದೆ ಬದುಕಲು ಕಲಿತ ಕ್ಯಾನ್ಸರ್ ಕೋಶಗಳು ತಮ್ಮ ಜಾತಿಯನ್ನೇ ಬದಲಿಸಿಕೊಂಡು ಹಾರ್ಮೋನು ಕೋಶಗಳ ವೇಷ ತೊಡುತ್ತವೆ. ಆಗ ಅವು ಪಿ.ಎಸ್.ಎ. ತಯಾರಿಸುವುದನ್ನು ಬಿಡುತ್ತವೆ, ಗಂಡು ಹಾರ್ಮೋನಿನ ಹಂಗಿಲ್ಲದೆ ಬೆಳೆಯುತ್ತವೆ.

ಮೊದಲಿನಿಂದ ಇದ್ದ ಸಾಧು ನೀರುಗಂಟಿಗಳೇ ತಿರುಗಿ ಬಿದ್ದವೆಂದು ನಾವೂ ಮೊದಲು ತಿಳಿದಿದ್ದೆವು. ಅದು ತಪ್ಪು. ಹಳೆಯ ಗಂಟಿನ ಕೋಶಗಳಲ್ಲಿದ್ದ ಆನುವಂಶಿಕ ಗುರುತುಗಳು ಹೊಸ ಜಾತಿಯ ಕೋಶಗಳಲ್ಲೂ ಸಿಗುತ್ತವೆ. ಚೀಲದ ಮೇಲಿನ ಮುದ್ರೆ ಅದೇ, ಒಳಗಿನ ಮಾಲು ಬೇರೆ ಎಂದರೆ ನಮ್ಮ ವ್ಯಾಪಾರಸ್ಥ ಸದಸ್ಯರಿಗೆ ತಿಳಿದೀತು. ಆರ್‌ಬಿ೧ ಮತ್ತು ಪಿ೫೩ ಎಂಬ, ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಎರಡು ಅಂಶಗಳು ಕಳೆದುಹೋದಾಗ ಈ ವೇಷಾಂತರ ಸುಲಭವಾಗುತ್ತದೆಂದು ಸಂಶೋಧನೆಗಳು ತೋರಿಸಿವೆ.

ಇದೆಷ್ಟು ಜನರಿಗೆ ಆಗುತ್ತದೆ? ಪ್ರಾಸ್ಟೇಟ್ ಕ್ಯಾನ್ಸರ್ ಮೊದಲ ಸಲ ಪತ್ತೆಯಾದಾಗಲೇ ಹೀಗಿರುವುದು ನೂರಕ್ಕೆ ಒಬ್ಬಿಬ್ಬರಿಗೂ ಇಲ್ಲ. ಹಾರ್ಮೋನು ಚಿಕಿತ್ಸೆ ದೀರ್ಘಕಾಲ ನಡೆದು, ರೋಗ ಅದಕ್ಕೆ ಬಗ್ಗದಂತಾದವರಲ್ಲಿ ಮಾತ್ರ ನೂರಕ್ಕೆ ಹದಿನೈದು ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸುತ್ತದೆ. ಆದುದರಿಂದ ಹಾರ್ಮೋನು ಚಿಕಿತ್ಸೆಯೇ ಬೇಡವೆಂದು ಯಾರೂ ಅರ್ಥ ಮಾಡಿಕೊಳ್ಳಕೂಡದು. ಆ ಚಿಕಿತ್ಸೆ ಬಿಟ್ಟವರು ಬೇಗ ಕೆಡುತ್ತಾರೆ. ನಾವು ಹೇಳುವುದಿಷ್ಟೇ: ನಂಬರನ್ನು ನೋಡಿ, ಜೊತೆಗೆ ಮೈಯನ್ನೂ ನೋಡಿ.

ಚಿಕಿತ್ಸೆಯಲ್ಲಿರುವವರು ಯಾವುದಕ್ಕೆ ಎಚ್ಚರವಾಗಿರಬೇಕು? ನಂಬರು ಕಡಿಮೆಯಿದ್ದರೂ ಹೊಸ ಎಲುಬು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಊಟ ಸೇರದಿರುವುದು, ಬಲಗಡೆಯ ಪಕ್ಕೆಯ ಕೆಳಗೆ ಭಾರ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ತಪಾಸಣೆಯ ತಾರೀಖಿನವರೆಗೆ ಕಾಯಬೇಡಿ. ಈ ಬಗೆಯ ರೋಗ ಎಲುಬಿಗಷ್ಟೇ ಅಲ್ಲದೆ ಯಕೃತ್ತಿನಂಥ ಮೆದು ಅಂಗಗಳಿಗೂ ಬೇಗ ಹರಡುತ್ತದೆ. ಬೆನ್ನುನೋವಿನ ಜೊತೆಗೆ ಕಾಲು ಸೋತರೆ, ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದ ಲಕ್ಷಣ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ತಡವಾದರೆ ಕಾಲು ಮತ್ತೆ ಬಾರದೆ ಹೋಗಬಹುದು.

ವೈದ್ಯರು ಸ್ಕ್ಯಾನ್ ಮಾಡಿಸಿ, ಹೊಸ ಗಂಟಿನಿಂದ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತುಣುಕು ತೆಗೆದರೆ ರೋಗ ಹರಡುತ್ತದೆಂಬ ಭಯ ನಮ್ಮಲ್ಲಿ ಬಹಳವಿದೆ. ಈ ಭಯದಿಂದ ತಡ ಮಾಡಿದರೆ ಆಗುವ ನಷ್ಟವೇ ದೊಡ್ಡದು. ಏಕೆಂದರೆ ಜಾತಿ ಬದಲಾದ ರೋಗಕ್ಕೆ ಮದ್ದೂ ಬೇರೆ. ಶ್ವಾಸಕೋಶದ ಸಣ್ಣ ಕೋಶದ ಕ್ಯಾನ್ಸರಿಗೆ ಕೊಡುವಂತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆಗೆ ಎಟೊಪೊಸೈಡ್ ಎಂಬ ಮದ್ದನ್ನು ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಇದಕ್ಕೆ ರೋಗ ಬಹಳ ಸಲ ಬೇಗ ಬಗ್ಗುತ್ತದೆ. ಹಾಗೆಯೇ ಕೆಲವು ತಿಂಗಳಲ್ಲಿ ಮತ್ತೆ ಬರುವುದೂ ಹೆಚ್ಚು. ಸುಳ್ಳು ಭರವಸೆ ಕೊಡುವುದು ಸಂಘದ ಪತ್ರಿಕೆಗೆ ಶೋಭಿಸುವುದಿಲ್ಲವಾದ್ದರಿಂದ ಇದನ್ನೂ ಬರೆದಿದ್ದೇವೆ.

ರಕ್ತಪರೀಕ್ಷೆಯ ವಿಷಯದಲ್ಲಿ ಎರಡು ಮೋಸಗಳನ್ನು ಹೇಳಬೇಕು. ಪ್ರಾಸ್ಟೇಟ್ ದಪ್ಪನಾದವರಿಗೆ ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಎಂಬ ಗುಳಿಗೆ ಕೊಡುತ್ತಾರೆ. ಆರು ತಿಂಗಳಿಂದ ವರ್ಷದೊಳಗೆ ಇದು ಪಿ.ಎಸ್.ಎ. ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ವರದಿಯಲ್ಲಿ ೩ ಎಂದು ಬಂದರೆ ವೈದ್ಯರು ಅದನ್ನು ೬ ಎಂದು ಲೆಕ್ಕ ಹಿಡಿಯಬೇಕಾದೀತು. ನೀವು ಗುಳಿಗೆಯ ಹೆಸರು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಎರಡನೆಯದು, ಹಾರ್ಮೋನು ಕೋಶಗಳ ಗುರುತಾದ ಕ್ರೋಮೊಗ್ರಾನಿನ್ ಎಂಬುದನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯೂ ಇದೆ. ಆದರೆ ನಮ್ಮವರು ಗ್ಯಾಸಿಗೆಂದು ಬೆಳಗಾದರೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಳಿಗೆಗಳಿಂದ ಅದು ರೋಗವಿಲ್ಲದೆಯೂ ಏರುತ್ತದೆ. ಮೂತ್ರಪಿಂಡ ಸೋತವರಲ್ಲೂ ಏರುತ್ತದೆ. ಆದ್ದರಿಂದ ಪೇಟೆಯ ಲ್ಯಾಬಿನಲ್ಲಿ ನೀವಾಗಿ ಈ ಪರೀಕ್ಷೆ ಮಾಡಿಸಿ ಹೆದರಬೇಡಿ. ಮೂತ್ರದ ಸೋಂಕು, ಆಗತಾನೇ ಹಾಕಿದ ನಳಿಕೆ, ಇವುಗಳಿಂದ ಪಿ.ಎಸ್.ಎ. ಕೂಡ ಸುಮ್ಮಸುಮ್ಮನೆ ಏರುವುದುಂಟು.

ಅಡಿಕೆಯಿಂದ ಇದು ಬರುತ್ತದೆಯೇ ಎಂದು ಸಭೆಯಲ್ಲಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿ ೨೦೦೪ರಲ್ಲಿ ಪ್ರಕಟಿಸಿದ್ದು ಮುಖ್ಯವಾಗಿ ಬಾಯಿಯ ರೋಗದ ಆಧಾರದ ಮೇಲೆ, ಪ್ರಾಸ್ಟೇಟಿನದಲ್ಲ. ನಾವು ಅಡಿಕೆ ಬೆಳೆಗಾರರಾದ ಮಾತ್ರಕ್ಕೆ ಬಾಯಿಯ ವಿಷಯವನ್ನು ಮರೆಮಾಚಲಾರೆವು, ಅದನ್ನು ಬೇರೆ ಸಂಚಿಕೆಯಲ್ಲಿ ಬರೆಯುತ್ತೇವೆ. ಇನ್ನು ಕಾಫಿ. ನಾವೇ ಬೆಳೆದು ನಾವೇ ಹುರಿದು ಕುಡಿಯುವ ಕಾಫಿಗೆ ಬೈಯಲು ಮನಸ್ಸು ಬಾರದು. ಆದರೆ ರಾತ್ರಿ ಏಳುವ ತೊಂದರೆಯಿರುವವರು ಹೊತ್ತು ಮುಳುಗಿದ ಮೇಲೆ ಕುಡಿಯದಿದ್ದರೆ ಒಂದೆರಡು ಸಲವಾದರೂ ಏಳುವುದು ತಪ್ಪೀತು.

ತಪಾಸಣೆಗೆ ಎಲ್ಲಿಗೆ ಹೋಗಬೇಕು? ಮೊದಲು ತಾಲೂಕು ಆಸ್ಪತ್ರೆ ಅಥವಾ ಹಾವೇರಿಯ ಜಿಲ್ಲಾ ಆಸ್ಪತ್ರೆ. ಶಿಗ್ಗಾಂವಿ, ಸವಣೂರು, ಹಾನಗಲ್ಲಿನವರಿಗೆ ಮುಂದಿನ ದಾರಿ ಹುಬ್ಬಳ್ಳಿ. ಅಲ್ಲಿ ೧೯೫೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ದೊಡ್ಡ ಆಸ್ಪತ್ರೆಯಿದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಅನುಕೂಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಿಂದ ನಮ್ಮ ಭಾಗದ ರೋಗಿಗಳನ್ನು ಕಂಡಿದೆ. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಮಾಡಿಸಿಟ್ಟುಕೊಳ್ಳಿ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಹೋಗುವುದು ಕ್ರಮ. ಸಹಕಾರಿ ಸದಸ್ಯರಿಗಾಗಿ ೨೦೦೩ರಲ್ಲಿ ಶುರುವಾಗಿ, ೨೦೧೮ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, ೨೦೨೩ರಿಂದ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯೂ ಇದೆ. ಯಾವ ಚಿಕಿತ್ಸೆ ಯಾವ ಯೋಜನೆಯಲ್ಲಿ ಬರುತ್ತದೆಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿಕೊಳ್ಳಿ, ಬಿಲ್ಲು ಬಂದ ಮೇಲಲ್ಲ.

ನಮ್ಮ ಸದಸ್ಯರ ಯಕೃತ್ತಿನಲ್ಲಿದ್ದ ಗಂಟಿನ ತುಣುಕಿನ ವರದಿ ವೈದ್ಯರು ಸಂಶಯಪಟ್ಟಂತೆಯೇ ಬಂತು. ನಾಲ್ಕು ಸುತ್ತು ಮದ್ದು ಆಗಿದೆ. ಕೂದಲು ಉದುರಿದೆ, ಊಟ ಸೇರುತ್ತಿದೆ, ನೋವಿನ ಗುಳಿಗೆ ದಿನಕ್ಕೆ ಒಂದಕ್ಕೆ ಇಳಿದಿದೆ. ಈ ಸಲದ ಅಡಿಕೆ ಕೊಯ್ಲಿಗೆ ತೋಟದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಗೊನೆ ಎಣಿಸಿದರು. ರೋಗ ಹೋಯಿತೆಂದು ವೈದ್ಯರು ಹೇಳಿಲ್ಲ, ಅವರೂ ಕೇಳಿಲ್ಲ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೆ ಓದಿ ಹೇಳಿದೆವು. ಗುಳಿಗೆ ನುಂಗುತ್ತ ಕಳೆದದ್ದು ನಾಲ್ಕು ತಿಂಗಳೆಂದು ನಾವು ಬರೆದಿದ್ದೆವು. ನಾಲ್ಕಲ್ಲ, ಐದು ಎಂದು ಬರೆಯಿರಿ ಎಂದು ತಿದ್ದಿಸಿದರು.

ಆಸ್ಪತ್ರೆಗೆ ಹೋಗುವವರು ಹಳೆಯ ವರದಿ, ಸ್ಕ್ಯಾನ್, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಇವುಗಳನ್ನು ಒಂದೇ ಫೈಲಿನಲ್ಲಿಟ್ಟು ಒಯ್ಯಬೇಕು. ಕಾರ್ಡಿನ ಅರ್ಜಿ ತುಂಬಲು ಕಷ್ಟವಾಗುವ ಸದಸ್ಯರು ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಸಂಘದ ಕಚೇರಿಗೆ ಬಂದರೆ ನಮ್ಮ ಗುಮಾಸ್ತರು ತುಂಬಿಕೊಡುತ್ತಾರೆ.